ಒಂಬತ್ತು ತಂತಿ, ಒಂದು ಕಾಲುಚೀಲ

ಬೇಸ್ ಗಿಟಾರ್, ಅಂದರೆ ಹಾಡಿನ ತಗ್ಗು ಸ್ವರಗಳ ಗಿಟಾರ್, ನುಡಿಸುವ ಇಬ್ಬರು ಎದುರಾದರೆ ಹೆಸರು ಕೇಳುವುದಿಲ್ಲ. ‘ನಿಮ್ಮದು ಎಷ್ಟು ತಂತಿ?’ ಅಂತ ಕೇಳುತ್ತಾರೆ. ನಾಲ್ಕು ಅಂದರೆ ಒಂದು ನಗು ಬರುತ್ತದೆ. ‘ಪಾಪ, ಇನ್ನೂ ಬಾಡಿಗೆ ಮನೆಯಾ’ ಅನ್ನುವ ಥರದ ನಗು. ಐದು ಅಂದರೆ ತಲೆಯಾಡಿಸುತ್ತಾರೆ. ಆರು ಅಂದರೆ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ನನ್ನದು ನಾಲ್ಕು. ಇಪ್ಪತ್ತು ವರ್ಷದಿಂದ ನಿಂತೇ ಇದ್ದೇನೆ.

ಹೋದ ವಾರ ನಮ್ಮ ಪ್ರಾಕ್ಟೀಸಿಗೆ ಗೆಳೆಯನೊಬ್ಬ ಒಂಬತ್ತು ತಂತಿಯ ಬೇಸ್ ತಂದ. ಚೀಲದಿಂದ ಹೊರಗೆ ತೆಗೆದಾಗ ಡ್ರಮ್ಸ್ ಹುಡುಗ, ‘ಬಾಗಿಲು ಯಾಕೋ ಬಿಚ್ಕೊಂಡು ಬಂದೆ?’ ಅಂದ. ನೆಕ್, ಅಂದರೆ ತಂತಿ ಹಾಯುವ ಉದ್ದನೆ ಕತ್ತು, ಅಷ್ಟು ಅಗಲ. ಆಮೇಲೆ ಟ್ಯೂನಿಂಗ್ ಶುರುವಾಯಿತು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿತ್ತು. ಇಳಿಯದೆ ಏನು ಮಾಡೀತು? ಒಂದೊಂದು ಬೇಸ್ ತಂತಿ ಸುಮಾರು 18 ಕೆಜಿ ಭಾರದಷ್ಟು ಜಗ್ಗುತ್ತದೆ. ಒಂಬತ್ತೂ ಸೇರಿದರೆ ಇಬ್ಬರು ಗಟ್ಟಿ ಆಳುಗಳು ಆ ನೆಕ್ಕಿಗೆ ಹಗಲೂ ರಾತ್ರಿ ಜೋತುಬಿದ್ದ ಹಾಗೆ.

ಅಂತೂ ಶ್ರುತಿ ಕೂಡಿತು. ಆಗ ಅವನು ಜೇಬಿನಿಂದ ಒಂದು ಬೂದು ಬಣ್ಣದ ಕಾಲುಚೀಲ ತೆಗೆದು, ನೆಕ್ಕಿನ ತುದಿಯಲ್ಲಿ, ತಂತಿಗಳೆಲ್ಲ ಸಾಲಾಗಿ ಹಾದು ಬರುವ ಜಾಗದಲ್ಲಿ, ಬಿಗಿಯಾಗಿ ಸುತ್ತಿ ಗಂಟು ಹಾಕಿದ.

‘ಇದೇನೋ?’

‘ಮುಟ್ಟದೆ ಬಿಟ್ಟ ತಂತಿಗಳೆಲ್ಲ ತಾವಾಗೇ ಗುಂಯ್ ಅಂತವೆ ಗುರೂ. ಅವುಗಳ ಬಾಯಿ ಮುಚ್ಚಿಸೋಕೆ.’

ಹಾಡು ಶುರುವಾಯಿತು. ಸ್ವರಗಳು ಇ, ಎ, ಬಿ, ಮತ್ತೆ ಇ. ಕೊನೆಯವರೆಗೂ ಅಷ್ಟೇ. ಎರಡು ತಂತಿ ದುಡಿದವು. ಉಳಿದ ಏಳು ಕಾಲುಚೀಲ ಹೊದ್ದು ನಿದ್ದೆ ಮಾಡಿದವು.

ನಾನು ಇದನ್ನು ಹಂಗಿಸುತ್ತಿಲ್ಲ. ಏಳು ತಂತಿಗಳನ್ನು ಸುಮ್ಮನಿರಿಸುವುದು ಸಣ್ಣ ಸಾಧನೆಯಲ್ಲ. ಎಡಗೈಯ ಬೆರಳಿನ ಹೊಟ್ಟೆ, ಬಲಗೈಯ ಹೆಬ್ಬೆರಳು, ಅಂಗೈ, ಎಲ್ಲವೂ ಕಾವಲು ಕಾಯಬೇಕು. ಬೇಸ್ ನುಡಿಸುವುದರಲ್ಲಿ ಅರ್ಧ ಕೆಲಸ ಬೇಡದ ಸದ್ದು ಬರದ ಹಾಗೆ ನೋಡಿಕೊಳ್ಳುವುದೇ. ನಾಲ್ಕು ತಂತಿಯವನು ಮೂರನ್ನು ಸುಮ್ಮನಿರಿಸಿದರೆ ಸಾಕು. ನನ್ನ ಗೆಳೆಯ ಒಮ್ಮೆಗೆ ಎಂಟನ್ನು ಸುಮ್ಮನಿರಿಸುತ್ತಾನೆ. ದುಪ್ಪಟ್ಟಿಗಿಂತ ಜಾಸ್ತಿ ಪ್ರತಿಭೆ, ಅಲ್ವಾ?

ಐದನೇ ತಂತಿಯ ಲೆಕ್ಕವನ್ನೂ ಒಂದು ಸಲ ನೋಡಿಬಿಡಿ. ಮಾಮೂಲಿ ಬೇಸಿನ ನಾಲ್ಕು ತಂತಿಗಳ ಸ್ವರ ಇ, ಎ, ಡಿ, ಜಿ. ಇ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಕೆಳಗೆ ಬಿ ತಂತಿ ಹಾಕಿದರೆ 31. ಸಿಗುವುದು ಐದು ಹೊಸ ಸ್ವರ. ಅದರಲ್ಲಿ ಎರಡನ್ನು, ಇ ತಂತಿಯ ಕಿವಿ ಹಿಂಡಿ ಡಿ ತನಕ ಇಳಿಸಿದರೆ, ಪುಕ್ಕಟೆಯಾಗಿ ಪಡೆಯಬಹುದು. ಉಳಿದದ್ದು ಮೂರು. ಆ ಮೂರಕ್ಕಾಗಿ ಹೊಸ ವಾದ್ಯ, ಹೊಸ ಚೀಲ, ಹೊಸ ಬೆನ್ನುನೋವು. ಆದರೂ ಐದು ತಂತಿಯವರನ್ನು ನಾನು ಬೈಯಲಾರೆ. 80ರ ದಶಕದಲ್ಲಿ ಸಿಂಥ್ ಕೀಬೋರ್ಡುಗಳು ಇ ಗಿಂತ ಕೆಳಗಿಳಿದು ಗುಡುಗತೊಡಗಿದವು. ಪಾಪ, ಬೇಸಿನವರು ಹೊಟ್ಟೆಪಾಡಿಗೆ ಅಲ್ಲಿಗೆ ಇಳಿಯಲೇಬೇಕಾಯಿತು. ಕೈಯನ್ನು ಮೇಲೆ ಕೆಳಗೆ ಓಡಿಸದೆ ಒಂದೇ ಜಾಗದಲ್ಲಿ ಕೂತು ನುಡಿಸುವ ಸುಖವೂ ಅದರಲ್ಲಿದೆ. ಸರಿ, ಐದಕ್ಕೆ ಮಾಫಿ.

ಅಲ್ಲಿಂದ ಕೆಳಗೆ ಹೊರಟವರ ಕಥೆ ಬೇರೆ. ಬಿ ಕೆಳಗೆ ಎಫ್ ಶಾರ್ಪ್, 23 ಕಂಪನ. ಅದರ ಕೆಳಗೆ ಸಿ ಶಾರ್ಪ್, ಹದಿನೇಳು ಚಿಲ್ಲರೆ. ಅಲ್ಲಿಗೂ ಇಳಿದ ಪುಣ್ಯಾತ್ಮರಿದ್ದಾರೆ. ಮನುಷ್ಯನ ಕಿವಿ ಕೆಲಸ ಶುರು ಮಾಡುವುದೇ ಸುಮಾರು 20ರಿಂದ. ಅಂದರೆ ಆ ತಂತಿಯ ಮೂಲ ಸ್ವರ ನುಡಿಸಿದವನಿಗೇ ಕೇಳುವುದಿಲ್ಲ. ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳನ್ನು, ಅಂದರೆ ಅನುರಣನವನ್ನು, ಕೇಳಿ ಸಮಾಧಾನ ಮಾಡಿಕೊಳ್ಳಬೇಕು. ಆನೆಗಳು ಮಾತಾಡಿಕೊಳ್ಳುವುದು ಈ ಮಟ್ಟದಲ್ಲೇ. ಮುಂದಿನ ಸಾಲಿನಲ್ಲಿ ನಾಲ್ಕು ಆನೆ ಕೂತಿದ್ದರೆ ಚಪ್ಪಾಳೆ ಗ್ಯಾರಂಟಿ.

ಅಷ್ಟು ದೂರ ಯಾಕೆ, ಆ 31ನ್ನೇ ಯಾರು ಕೇಳಿಸಿಕೊಂಡಿದ್ದಾರೆ? ಬೇಸಿನ ಎಷ್ಟೋ ಸ್ಪೀಕರುಗಳು 40-50ರ ಆಸುಪಾಸಿನಲ್ಲೇ ಕೈಚೆಲ್ಲುತ್ತವೆ. ಅಷ್ಟರಲ್ಲಿ ಸೌಂಡಿನವನು ‘ಕೆಳಗೆ ಗಜಿಬಿಜಿ’ ಅಂತ ಅದನ್ನು ಕತ್ತರಿಸಿಯೇ ಇರುತ್ತಾನೆ. ಜನ ಫೋನಿನಲ್ಲಿ ಕೇಳುತ್ತಾರೆ. ಫೋನಿನ ಸ್ಪೀಕರಿಗೆ ನನ್ನ ಇ ಕೂಡ ದಕ್ಕುವುದಿಲ್ಲ. ಉಳಿದ ಅನುರಣನ ಹಿಡಿದು ಮೆದುಳೇ ಬೇಸನ್ನು ಊಹಿಸಿಕೊಳ್ಳುತ್ತದೆ. ಊಹಿಸಿಕೊಳ್ಳುವುದಕ್ಕೆ ಎಷ್ಟು ತಂತಿ ಬೇಕು ಸ್ವಾಮಿ?

ಹಾಗಂತ ನಾಲ್ಕು ತಂತಿಯವರು ಸಾಚಾ ಅಂತ ತಿಳಿಯಬೇಡಿ. ನಮ್ಮಲ್ಲೂ ಮಡಿವಂತರಿದ್ದಾರೆ. ನಾಲ್ಕು ಅನ್ನುವುದು ಆಕಾಶದಿಂದ ಇಳಿದ ಸಂಖ್ಯೆ ಅನ್ನುವಂತೆ ಮಾತಾಡುತ್ತಾರೆ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ನಾಲ್ಕು ಹಾಕಿದ್ದು, ನಿಂತು ನುಡಿಸುವ ದೊಡ್ಡ ಪಿಟೀಲಿನಂಥ ಡಬಲ್ ಬೇಸಿನಲ್ಲಿ ನಾಲ್ಕಿತ್ತು ಅಂತ. ಅಷ್ಟೇ. ಆ ಮಹಾನುಭಾವನಿಗೆ ಗಿಟಾರ್ ನುಡಿಸಲೂ ಬರುತ್ತಿರಲಿಲ್ಲ. ಆ ಡಬಲ್ ಬೇಸಿನಲ್ಲಾದರೂ ಯಾವಾಗಲೂ ನಾಲ್ಕಿತ್ತಾ? 19ನೇ ಶತಮಾನದಲ್ಲಿ ಇಟಲಿಯ ಡಬಲ್ ಬೇಸ್ ವಾದಕ ಬೊಟ್ಟೆಸಿನಿ ಯುರೋಪನ್ನು ಬೆರಗುಗೊಳಿಸಿದ್ದು ಮೂರು ತಂತಿಯಲ್ಲಿ.

ಈ ಫೆಂಡರ್ ಕಂಪನಿಯದೇ ಇನ್ನೊಂದು ಕಥೆ. ಹೇಳದೆ ಬಿಟ್ಟರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. 1965ರಲ್ಲಿ ಅವರು ಐದು ತಂತಿಯ ಬೇಸ್ ತಂದರು. ಐದನೆಯದು ಕೆಳಗಲ್ಲ, ಮೇಲೆ, ಸಿ. ‘ಮೇಲಿನ ಸ್ವರ ಹೇಗೂ ಈ ತಂತಿಯಲ್ಲಿ ಸಿಗುತ್ತದಲ್ಲ’ ಅಂತ ಮಾಮೂಲಿ ಇಪ್ಪತ್ತು ಫ್ರೆಟ್ಟಿನ (ನೆಕ್ಕಿನ ಅಡ್ಡ ಪಟ್ಟಿಗಳು, ಒಂದೊಂದಕ್ಕೂ ಒಂದು ಸ್ವರ) ಬದಲು ಹದಿನೈದೇ ಕೊಟ್ಟರು. ಈಗ ಬೆರಳು ಮಡಚಿ ಎಣಿಸಿ. ನಾಲ್ಕು ತಂತಿಯದರಲ್ಲಿ ಜಿ ಯ ಇಪ್ಪತ್ತನೇ ಫ್ರೆಟ್ ಯಾವ ಸ್ವರವೋ, ಇದರಲ್ಲಿ ಸಿ ಯ ಹದಿನೈದನೇ ಫ್ರೆಟ್ಟೂ ಅದೇ ಸ್ವರ. ಒಂದು ತಂತಿ ಕೊಟ್ಟು ಐದು ಫ್ರೆಟ್ ಕಿತ್ತುಕೊಂಡರು. ಒಂದೇ ಒಂದು ಹೊಸ ಸ್ವರ ಸಿಗಲಿಲ್ಲ! ಕೆಲವೇ ವರ್ಷದಲ್ಲಿ ಆ ಬೇಸ್ ನಿಂತುಹೋಯಿತು. ನನಗೇನೋ ಅದರ ಮೇಲೆ ಒಂಥರಾ ಪ್ರೀತಿ. ತಂತಿ ಹೆಚ್ಚಿಸುವ ಇಡೀ ಚಪಲವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ವಾದ್ಯ ಇನ್ನೊಂದಿಲ್ಲ.

ಅಮೆರಿಕದ ಬೇಸ್ ವಾದಕ ಆಂಟನಿ ಜಾಕ್ಸನ್ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಗಿಟಾರಿನ ಕುಟುಂಬಕ್ಕೆಲ್ಲ ಆರಿರುವಾಗ ಕೆಳಗಿನ ತಮ್ಮನಿಗೆ ಮಾತ್ರ ನಾಲ್ಕು ಯಾಕೆ ಅನ್ನುವುದು ಆತನ ವಾದ. 1975ರಲ್ಲಿ ಆರು ತಂತಿಯದನ್ನು ಮಾಡಿಸಿಕೊಂಡ. ಆರೂ ತಂತಿಗೆ ಕೆಲಸ ಕೊಟ್ಟ. ಅಂಥವನು ಹದಿನಾರು ಕೇಳಿದರೂ ಕೊಡಿ. ಆದರೆ ಅವನ ಹೆಸರು ಹೇಳಿಕೊಂಡು ಆರು ತಂತಿ ಹೊತ್ತವರಲ್ಲಿ ಎಷ್ಟೋ ಜನ ನುಡಿಸುವುದು ಅದೇ ಇ, ಎ, ಬಿ.

ಇನ್ನೊಂದು ಕಡೆ ಜೇಮ್ಸ್ ಜೇಮರ್ಸನ್. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಆ ಕಾಲದ ಹಾಡುಗಳ ಅಡಿಪಾಯ ಹಾಕಿದವನು. ನಾಲ್ಕು ತಂತಿ. ಬಲಗೈಯಲ್ಲಿ ಒಂದೇ ಬೆರಳು. ತುಂಡಾಗುವ ತನಕ ತಂತಿ ಬದಲಿಸುತ್ತಿರಲಿಲ್ಲ. ಸದ್ದು ಅಡಗಿಸಲು ತಂತಿಗಳ ಕೆಳತುದಿ ಕೂರುವ ಬ್ರಿಜ್ಜಿನ ಮುಚ್ಚಳದ ಕೆಳಗೆ ಅವನೂ ಸ್ಪಂಜು ಇಡುತ್ತಿದ್ದ, ಸುಳ್ಳು ಹೇಳಬಾರದು. ಮಾರ್ಫೀನ್ ಬ್ಯಾಂಡಿನ ಮಾರ್ಕ್ ಸ್ಯಾಂಡ್‌ಮನ್ ಅಂತೂ ಎರಡೇ ತಂತಿಯಲ್ಲಿ, ಬೆರಳಿಗೆ ಸ್ಲೈಡ್ ಕೊಳವೆ ಹಾಕಿ ಉಜ್ಜಿಕೊಂಡು, ಇಡೀ ಬ್ಯಾಂಡ್ ನಡೆಸಿದ. ಒಬ್ಬ ಸ್ಯಾಕ್ಸಫೋನಿನವನು, ಒಬ್ಬ ಡ್ರಮ್ಮರ್, ಇವನು. ಇನ್ನೂ ಎರಡು ತಂತಿ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಯಾವತ್ತೂ ಅನಿಸಿಲ್ಲ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಒಂದು ವಿಷಯದಲ್ಲಿ ತಮಾಷೆ ಬರುತ್ತಿಲ್ಲ. ಹಿಂದೊಮ್ಮೆ ಒಂದು ಬ್ಯಾಂಡಿಗೆ ಬೇಸ್ ನುಡಿಸುವವರು ಬೇಕಾಗಿದ್ದಾಗ ಒಬ್ಬ ಹುಡುಗ ಬಂದ. ಯಾರದೋ ಹಳೆಯ ನಾಲ್ಕು ತಂತಿ, ಎರವಲು. ಡ್ರಮ್ಮಿನ ಜೊತೆ ಕೂತ. ಕಿಕ್ ಡ್ರಮ್ಮಿನ ಪೆಟ್ಟು ಬಿದ್ದಲ್ಲೇ ಅವನ ಸ್ವರ ಬಿತ್ತು, ನಿಲ್ಲಬೇಕಾದಲ್ಲೇ ನಿಂತಿತು. ನಾನು ಕಾಲು ಕುಟ್ಟುತ್ತಿದ್ದೆ, ಆಮೇಲೆ ಗೊತ್ತಾಯಿತು. ಹಾಡು ಮುಗಿದಾಗ ಒಬ್ಬರು ಕೇಳಿದರು, ‘ನಾಲ್ಕೇನಾ? ಐದು ತಗೊಂಡು ಬಾ, ನೋಡೋಣ.’ ಹುಡುಗ ‘ಸರಿ ಅಣ್ಣ’ ಅಂದು ಚೀಲದ ಜಿಪ್ ಎಳೆದ. ಮತ್ತೆ ಬರಲಿಲ್ಲ. ನಾನೂ ಅಲ್ಲೇ ಇದ್ದೆ. ಏನೂ ಹೇಳಲಿಲ್ಲ. ಆ ಜಾಗಕ್ಕೆ ಐದು ತಂತಿಯವನೇ ಬಂದ. ಆಮೇಲಿನ ಎಲ್ಲ ಹಾಡಿನಲ್ಲೂ ಡ್ರಮ್ಮರ್ ಅವನಿಗಾಗಿ ಕಾಯುತ್ತಿದ್ದ. ಲಯ ಬಾರದವನಿಗೆ ತಂತಿ ಎಣಿಸಿ ಕೆಲಸ ಕೊಟ್ಟಿದ್ದರು. ಈಗ ನೆನೆದರೂ ಸಿಟ್ಟು ಬರುತ್ತದೆ. ಅವರ ಮೇಲೂ, ನನ್ನ ಮೇಲೂ.

ಇರಲಿ. ಪ್ರಾಕ್ಟೀಸ್ ಮುಗಿಯಿತು. ಗೆಳೆಯ ಕಾಲುಚೀಲ ಬಿಚ್ಚಿ, ಮಡಿಸಿ, ಜೇಬಿಗೆ ಹಾಕಿಕೊಂಡ. ನನಗೆ ಮೊದಲಿಂದಲೂ ಒಂದು ಅನುಮಾನ ಕಾಡುತ್ತಿತ್ತು.

‘ಇದರ ಜೋಡಿ ಎಲ್ಲಿ ಹೋಯ್ತೋ?’

‘ಮನೇಲಿದೆ. ಹನ್ನೊಂದು ತಂತಿಯದಕ್ಕೆ ಆರ್ಡರ್ ಕೊಟ್ಟಿದ್ದೀನಿ.’