ಕುಜ, ಕ್ಯಾರವಾನ್ ಮತ್ತು ಹವಳ

ನನ್ನ ಭಾವಮೈದುನನಿಗೆ ಮದುವೆ ಆಗುತ್ತಿಲ್ಲ. ಮಂಡ್ಯದ ಹತ್ತಿರ ಕಬ್ಬು ಬೆಳೆಯುವ ಹುಡುಗ. ನೀರಾವರಿ ಜಮೀನಿದೆ, ಗುಣವೂ ಒಳ್ಳೇದು. ಆದರೂ ಹೆಣ್ಣಿನ ಕಡೆಯವರು "ಬೆಂಗಳೂರಲ್ಲಿ ಕೆಲ್ಸ ಇಲ್ವಾ?" ಅಂತ ಕೇಳಿ, ಕಾಫಿ ಕುಡಿದು ಎದ್ದುಬಿಡುತ್ತಾರೆ. 2023ರಲ್ಲಿ ಆ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರಲ್ಲ, ಇವನೂ ನಡೆದಿದ್ದ. ಕಾಲಲ್ಲಿ ಬೊಬ್ಬೆ ಬಂತು, ಹೆಣ್ಣು ಬರಲಿಲ್ಲ. ಆಮೇಲೆ ಜೋಯಿಸರು ಜಾತಕ ನೋಡಿ, ಕುಜದೋಷ ಇದೆ, ಹವಳ ಹಾಕಿಸಿ ಅಂದರು.

ಅದೇ ಹೊತ್ತಿಗೆ ಇತ್ತ ಮೈಸೂರಲ್ಲಿ ನನ್ನ ಹೆಂಡತಿಗೆ ಕ್ಯಾರವಾನ್, ಅಂದರೆ ಒಳಗೇ ಮನೆ ಇರುವ ಬಾಡಿಗೆ ಗಾಡಿಯ ಹುಚ್ಚು ಹಿಡಿದಿತ್ತು. ಮನ್ನಾರ್ ಕೊಲ್ಲಿಗೆ ಹೋಗಬೇಕು, ಮಗಳಿಗೆ ಜೀವಂತ ಹವಳದ ದಿಬ್ಬ ತೋರಿಸಬೇಕು ಅಂತ. ರಾಮೇಶ್ವರದ ಕಡೆಯಿಂದ ತೂತ್ತುಕುಡಿವರೆಗೆ 21 ದ್ವೀಪ, ಅವುಗಳ ಸುತ್ತ ಹವಳ ಅಂತ ಫೋನಲ್ಲಿ ಅಮ್ಮನಿಗೆ ವಿವರಿಸಿದಳು. ನಮ್ಮತ್ತೆ ಕಿವಿಗೆ ಬಿದ್ದದ್ದು ಎರಡೇ ಮಾತು. ರಾಮೇಶ್ವರ, ಹವಳ. ಮರುದಿನ ಮಗನ ಸಮೇತ ಬಸ್ಸಿಳಿದರು. ಜೊತೆಗೆ ಒಂದು ಗೊನೆ ಬಾಳೆಹಣ್ಣು.

ಗಾಡಿ ಬಂತು. ಕುವೆಂಪುನಗರದ ನಮ್ಮ ಬೀದಿಯಲ್ಲಿ ಅಷ್ಟೆತ್ತರದ ಗಾಡಿ ಯಾರೂ ನೋಡಿರಲಿಲ್ಲ. ಕರೆಂಟು ಕಂಬಕ್ಕೆ ಜೋತುಬಿದ್ದಿದ್ದ ಕೇಬಲ್ಲುಗಳೂ ನೋಡಿರಲಿಲ್ಲ. ಪಟ್ ಅಂತ ಸದ್ದಾಯಿತು. ಎರಡು ನಿಮಿಷದಲ್ಲಿ ವರ್ಕ್ ಫ್ರಮ್ ಹೋಮ್ ಹುಡುಗರೆಲ್ಲ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬೀದಿಗೆ ಬಂದರು. ವರ್ಷಗಟ್ಟಲೆ ಪಕ್ಕದಲ್ಲೇ ಇದ್ದವರ ಮುಖ ಅವತ್ತೇ ಮೊದಲು ನೋಡಿದ್ದು! ಕೇಬಲ್ಲಿನವನಿಗೆ ದುಡ್ಡು ಕೊಟ್ಟು, ಬೈಸಿಕೊಂಡು ಹೊರಟೆವು.

ಗಾಡಿಯೊಳಗೆ ಒಲೆ, ಫ್ರಿಜ್ಜು, ಮಂಚ, ಶೌಚಾಲಯ ಎಲ್ಲಾ ಇತ್ತು. ಅತ್ತೆ ಒಂದು ಸುತ್ತು ನೋಡಿ, "ಒಲೆ ಪಕ್ಕದಲ್ಲೇ ಪಾಯಿಖಾನೆ ಮಡಗವ್ನಲ್ಲ, ಅವ್ನೇನ್ ಮನ್ಸನಾ?" ಅಂತ ಅದರ ಬಾಗಿಲಿಗೆ ಹಗ್ಗ ಕಟ್ಟಿಸಿದರು. ಹಾಗಾಗಿ ಶೌಚಾಲಯಕ್ಕೂ ಸೇರಿಸಿ ಬಾಡಿಗೆ ಕೊಟ್ಟು, 500 ಚಿಲ್ಲರೆ ಕಿಲೋಮೀಟರ್ ಪೆಟ್ರೋಲ್ ಬಂಕ್ ಹುಡುಕುತ್ತಾ ಹೋದೆವು.

ಚಾಮರಾಜನಗರ ದಾಟಿದ ಮೇಲೆ ದಿಂಬಂ ಘಾಟಿ. 27 ಹೇರ್‌ಪಿನ್ ತಿರುವು. ಸಾಮಾನಿನ ಡ್ರಾಯರುಗಳ ಚಿಲಕ ಸರಿಯಿಲ್ಲ ಅಂತ ಮೊದಲ ತಿರುವಿನಲ್ಲೇ ಗೊತ್ತಾಯಿತು. ಎಡಕ್ಕೆ ತಿರುಗಿದರೆ ಚಮಚಗಳು ಹೊರಗೆ, ಬಲಕ್ಕೆ ತಿರುಗಿದರೆ ತಟ್ಟೆಗಳು. ಹುರಿಗಡಲೆ ಚಟ್ನಿಪುಡಿ ಡಬ್ಬಿ ಮುಚ್ಚಳ ಹಾರಿ, ಮಲಗಿದ್ದ ಭಾವಮೈದುನನ ತಲೆ ಮೇಲೆ ಸುರಿಯಿತು. ಅವನು ಏಳಲಿಲ್ಲ. ನಿದ್ದೆಯಲ್ಲೇ ಸೀನಿ, ಮಗ್ಗುಲಾದ. ಇಂಥ ಶಾಂತ ಹುಡುಗನಿಗೆ ಹೆಣ್ಣು ಕೊಡಲ್ಲ ಅಂತಾರಲ್ಲ ಜನ!

ರಾಮೇಶ್ವರಕ್ಕೆ ಮುಂಚೆ ಸಿಗುವ ಮಂಡಪಂ ಊರು ಸೇರಿದಾಗ ಜೋರು ಗಾಳಿ. ಗಾಡಿ ಪಕ್ಕದ ಮಡಿಚುವ ಚಪ್ಪರ ಬಿಚ್ಚಿ, ಅದರ ಕೆಳಗೆ ಕಾಫಿ ಕುಡಿಯಬೇಕು ಅನ್ನೋದು ಹೆಂಡತಿಯ ಕನಸು. ಬಿಚ್ಚಿದೆವು. ಕಾಫಿ ಬಗ್ಗಿಸುವಷ್ಟರಲ್ಲಿ ಚಪ್ಪರ ಗಾಡಿಯ ಛಾವಣಿ ಮೇಲಿತ್ತು.

ಗಾಜಿನ ತಳದ ದೋಣಿ ಮಾತ್ರ ಚೆನ್ನಾಗಿತ್ತು. ಕೆಳಗೆ ಜಿಂಕೆ ಕೊಂಬಿನ ಹಾಗೆ ಕವಲೊಡೆದ ಹವಳ, ಅದರ ಸಂದಿಯಲ್ಲಿ ಪಟ್ಟೆ ಪಟ್ಟೆ ಮೀನು. ದೋಣಿಯವನು ತಮಿಳಲ್ಲಿ ಹೇಳುತ್ತಿದ್ದ, ಹೆಂಡತಿ ಕನ್ನಡಕ್ಕೆ ತರುತ್ತಿದ್ದಳು. ಇದು ಕಲ್ಲಲ್ಲ, ಸಣ್ಣ ಸಣ್ಣ ಪ್ರಾಣಿಗಳು ಕಟ್ಟಿಕೊಂಡ ಮನೆ. ಅವುಗಳ ಮೈಯಲ್ಲಿ ಪಾಚಿ ಇರುತ್ತೆ, ಊಟ ಹಾಕೋದೂ ಬಣ್ಣ ಕೊಡೋದೂ ಅದೇ. ಸಮುದ್ರ ಜಾಸ್ತಿ ಬಿಸಿಯಾದರೆ ಪಾಚಿ ಬಿಟ್ಟುಹೋಗುತ್ತೆ, ಹವಳ ಬೆಳ್ಳಗಾಗುತ್ತೆ. ಅದಕ್ಕೆ ಬ್ಲೀಚಿಂಗ್ ಅಂತಾರೆ, 2016ರಲ್ಲಿ ಇಲ್ಲೂ ಆಗಿತ್ತು. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಹಿಂದೆ ಇಲ್ಲಿ ಹವಳ ಕಡಿದು ಸುಣ್ಣ ಸುಡುತ್ತಿದ್ದರು ಅಂದಾಗ ಅತ್ತೆ ಬಾಯಲ್ಲಿದ್ದ ಎಲೆಅಡಿಕೆ ಒಂದು ಕ್ಷಣ ನಿಂತಿತು.

ಭಾವಮೈದುನ ಗಾಜಿಗೆ ಮೂಗು ಒತ್ತಿ, "ಕೆಂಪುದು ಎಲ್ಲವೆ? ಎಲ್ಲಾ ಸಗಣಿ ಬಣ್ಣನೇ ಅವಲ್ಲ?" ಅಂದ. ಉಂಗುರದ ಕೆಂಪು ಹವಳವೇ ಬೇರೆ, ಅದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು ಅಂದೆ. ಇಲ್ಲಿಯದನ್ನು ಮುರಿದರೆ ಜೈಲು. ದಿಬ್ಬ ಕಟ್ಟುವ ಹವಳಕ್ಕೆ 2001ರಿಂದ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆ ಇದೆ. ಅವನು ಸುಮ್ಮನಾದ. ಒಪ್ಪಿಕೊಂಡ ಅಂದುಕೊಂಡೆವು. ರಾಮೇಶ್ವರದಲ್ಲಿ ನಾವು ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅಂಗಡಿಯೊಂದರಲ್ಲಿ ದಪ್ಪನೆಯ ಕೆಂಪು ಹವಳದ ಉಂಗುರ ಕೊಂಡು, ಹಾಕಿಕೊಂಡೇ ಬಂದ. "ಇಟಲಿ ಮಾಲಂತೆ ಭಾವ. ಸರ್ಟಿಫಿಕೇಟು ಕೊಟ್ಟವ್ರೆ."

ರಾಮನಾಥಸ್ವಾಮಿ ದೇವಸ್ಥಾನದಲ್ಲಿ 22 ತೀರ್ಥ. ಒಂದೊಂದು ಬಾವಿ ಹತ್ತಿರ ನಿಂತರೂ ಬಕೆಟ್ಟಲ್ಲಿ ಸೇದಿ ತಲೆ ಮೇಲೆ ಸುರಿಯುತ್ತಾರೆ. ಅರ್ಧ ಮುಗಿಯುವ ಹೊತ್ತಿಗೆ ಭಾವಮೈದುನನ ಬೆರಳು ಕೆಂಪಗಾಯಿತು. ಕೊನೆಯ ತೀರ್ಥಕ್ಕೆ ಅವನ ಬಿಳಿ ಪಂಚೆಯೂ ಕೆಂಪಾಗಿ, ಉಂಗುರದ ಕಲ್ಲು ಸುಣ್ಣದ ಹಾಗೆ ಬೆಳ್ಳಗಿತ್ತು.

"ಮಾಮಾ, ಬ್ಲೀಚಿಂಗ್!" ಅಂತ ಮಗಳು ಪ್ರಾಕಾರವೆಲ್ಲ ಕೇಳುವ ಹಾಗೆ ಕೂಗಿದಳು.

ಅತ್ತೆ ಉಂಗುರ ಹಿಡಿದು ತಿರುಗಿಸಿ ನೋಡಿದರು. ಮುಖ ಅರಳಿತು. "ಅಳಬ್ಯಾಡ ಕಣ್ಲಾ. ಕುಜ ತೊಳ್ಕಂಡು ಓದ. ಇನ್ನು ಎಣ್ಣು ಸಿಗ್ತದೆ."