ಮಲೇರಿಯಾಕ್ಕೆ ಕೂಲಿಯವ್ರನ್ನ ಬೈಯೋದು ನಿಲ್ಲಿಸಿ

ಮಳೆಗಾಲ ಶುರುವಾದ್ರೆ ಮಂಗಳೂರಿಂದ ಬರೋ ಫೋನಲ್ಲೆಲ್ಲ ಒಂದೇ ಮಾತು, ಬಿಲ್ಡಿಂಗ್ ಕೆಲಸಕ್ಕೆ ಹೊರಗಿಂದ ಬಂದವ್ರಿಂದಾನೇ ಮಲೇರಿಯಾ ಅಂತ. ಮುಂಬೈಗೆ ಬಂದು 22 ವರ್ಷ ಆಯ್ತು, ಇಲ್ಲೂ ಅದೇ ಮಾತು. ಕೇಳಿದಾಗೆಲ್ಲ ಬೇಜಾರಾಗ್ತದೆ ಮಾರಾಯ್ರೆ, ಯಾಕಂದ್ರೆ ನಮ್ಮ ಮಾವ ಇಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ಎರಡು ಸಲ ಚಳಿಜ್ವರ ಹಿಡಿದು ಬಸ್ಸಲ್ಲಿ ನಡುಗ್ತಾ ಊರಿಗೆ ಬಂದಿದ್ರು, ಆಗ ರೋಗ ತಂದ್ರು ಅಂತ ಯಾರೂ ಅವ್ರನ್ನ ದೂರಿಲ್ಲ, ಗಂಜಿ ಮಾಡಿ ಕೊಟ್ರು.

ರಕ್ತದಲ್ಲಿ ರೋಗಾಣು ಇಟ್ಕೊಂಡು ಒಬ್ಬ ಬಂದ ಅಂದ ಮಾತ್ರಕ್ಕೆ ಅದು ಊರೆಲ್ಲ ಹರಡಲ್ಲ, ದಾಟಿಸೋಕೆ ನುಸಿ, ಅಂದ್ರೆ ಸೊಳ್ಳೆ ಬೇಕು. ಪೇಟೆಯಲ್ಲಿ ಈ ಕೆಲಸ ಮಾಡೋ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆ ಇಡೋದು ಮುಚ್ಚಳ ಇಲ್ಲದ ಟ್ಯಾಂಕು, ಬಾವಿ, ಲಿಫ್ಟ್ ಗುಂಡಿ, ಕ್ಯೂರಿಂಗ್‌ಗೆ ಅಂದ್ರೆ ಕಾಂಕ್ರೀಟ್ ಗಟ್ಟಿಯಾಗೋಕೆ ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು ಇಂಥ ಕಡೆ. 1911ರಲ್ಲೇ ಬೆಂಟ್ಲಿ ಅನ್ನೋ ಡಾಕ್ಟ್ರು ಮುಂಬೈ ಬಾವಿಗಳನ್ನ ನೋಡಿ ಈ ಸೊಳ್ಳೆ ಬಗ್ಗೆ ವರದಿ ಕೊಟ್ಟಿದ್ರು. ಸೈಟಲ್ಲಿ ನೀರು ನಿಲ್ಲಿಸಿದ್ದು ಬಿಲ್ಡರು, ಪಕ್ಕದ ತಗಡಿನ ಶೆಡ್ಡಲ್ಲಿ ಪರದೆ ಇಲ್ದೆ ಮಲಗೋದು ಕೂಲಿಯವ್ರು. ಎಷ್ಟೋ ಜನ ಬರುವಾಗ ಚೆನ್ನಾಗೇ ಇದ್ದು ಇಲ್ಲಿಂದ ಜ್ವರ ಹೊತ್ಕೊಂಡು ಹೋಗ್ತಾರೆ.

ಇನ್ನೊಂದು ಕಷ್ಟ ಏನಂದ್ರೆ ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ ಲಿವರಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಆದ್ಮೇಲೂ ತಿರುಗಿ ಬರ್ತದೆ, ಅದನ್ನ ತೆಗೆಯೋಕೆ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗ್ಬೇಕು, ಆದ್ರೆ ಕ್ಲೋರೋಕ್ವಿನ್ ತಗೊಂಡು ಜ್ವರ ಇಳಿದ್ಮೇಲೆ ಯಾರಿಗೆ ನೆನಪಿರ್ತದೆ? ನಮ್ಮ ಪಕ್ಕದ ಸೈಟಲ್ಲಿ ಜ್ವರ ಬಂದಿದ್ದ ಹುಡುಗ ಆರನೇ ದಿನವೇ ಸೂರತ್ ಟ್ರೈನ್ ಹತ್ತಿದ, ಅಲ್ಲಿ ಕೆಲಸ ಸಿಕ್ತಂತೆ. ಎಂಟು ದಿನದ ಮಾತ್ರೆ ಬಾಕಿ ಇತ್ತು.

ಮುಂಬೈಯಲ್ಲಿ ಕಾರ್ಪೊರೇಷನ್ನವ್ರು ಟೆರೇಸ್ ಹತ್ತಿ ಟ್ಯಾಂಕಿನ ಮುಚ್ಚಳ ನೋಡ್ತಾರೆ, ನೋಟಿಸ್ ಕೊಡ್ತಾರೆ, ಆ ಬಿಗಿ ನಮ್ಮೂರಿಗೂ ಬೇಕು. ಆದ್ರೆ ಮಂಗಳೂರು 2015ರಲ್ಲಿ ಶುರು ಮಾಡಿದ್ದು ನಂಗೆ ಇನ್ನೂ ಇಷ್ಟ. ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ರು, ಒಬ್ಬರಿಗೆ ಮಲೇರಿಯಾ ಅಂತ ಗೊತ್ತಾದ ಕೂಡ್ಲೇ ಅವ್ರು ಇರೋ ಜಾಗಕ್ಕೇ ಹೋಗಿ, ಸುತ್ತಮುತ್ತಲಿನ ನೀರು ನೋಡಿ, ಚಿಕಿತ್ಸೆ ಮುಗಿಯೋ ತನಕ ಬೆನ್ನು ಹತ್ತೋದು. ಐದು ವರ್ಷದಲ್ಲಿ ಕೇಸು ತುಂಬಾ ಇಳೀತು, ಊರಿನವನಾಗಿ ನಂಗೆ ಹೆಮ್ಮೆ ಇದೆ.

ಆದ್ರೆ ಕೂಲಿಯವ ಟ್ರೈನ್ ಹತ್ತಿದ್ರೆ ಆ ಬೆನ್ನು ಹತ್ತೋದು ಅಲ್ಲಿಗೇ ನಿಲ್ಲಬಾರ್ದು. ಅವನ ಚಿಕಿತ್ಸೆ ವಿವರ ಮುಂದಿನ ಊರಿಗೂ ಹೋಗ್ಲಿ, ಮಾತ್ರೆ ಪೂರ್ತಿ ಕಟ್ಟಿ ಅವನ ಕೈಗೇ ಕೊಡಿ, ಜ್ವರದ ದಿನಗಳ ಕೂಲಿಯನ್ನ ಕಂಟ್ರಾಕ್ಟರ್ ಮುರಿಯದ ಹಾಗೆ ನೋಡ್ಕೊಳ್ಳಿ.