ಕೂಸು ಉಣ್ಣಂಗಿಲ್ಲ ಅಂತೀರಿ, ಹಸಿವಿ ಎಲ್ಲಿ ಉಳದದ?

ಕಲಬುರಗಿ, ಯಾದಗಿರಿ, ಬೀದರ್ ಕಡೆ ಎರಡು-ಮೂರು ವರ್ಷದ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ‘ನಮ್ಮ ಕೂಸು ಏನೂ ಉಣ್ಣಂಗಿಲ್ಲರೀ.’ ಹಾಗನ್ನುವವರು ನಿನ್ನೆ ಮುಂಜಾನೆಯಿಂದ ಕೂಸಿನ ಬಾಯಿಗೆ ಹೋದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಡಲಿ. ಎದ್ದ ಕೂಡಲೇ ಅರ್ಧ ಕಪ್ ಚಾ, ಅದರಲ್ಲಿ ಅದ್ದಿದ ನಾಲ್ಕು ಬಿಸ್ಕಿಟ್. ಹತ್ತು ಗಂಟೆಗೆ ಮುತ್ಯಾ ಅಂಗಡಿಗೆ ಎತ್ತಿಕೊಂಡು ಹೋಗಿ ಕೊಡಿಸಿದ ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್. ಇಷ್ಟರಲ್ಲೇ ಸುಮಾರು ಇನ್ನೂರೈವತ್ತು ಕ್ಯಾಲರಿ ಆಯಿತು. ಆ ವಯಸ್ಸಿಗೆ ಇಡೀ ದಿನಕ್ಕೆ ಬೇಕಾದದ್ದು ಸಾವಿರದ ಆಸುಪಾಸು. ಊಟದ ತಾಟು ಮುಂದೆ ಬರುವ ಮೊದಲೇ ಕಾಲು ಭಾಗ ಮುಗಿದಿದೆ, ಅದೂ ಸಕ್ಕರೆ, ಮೈದಾ, ಎಣ್ಣೆ, ಉಪ್ಪಿನಲ್ಲಿ. ಆಮೇಲೆ ಹಸಿವಿನ ಟಾನಿಕ್ ಬರೆದುಕೊಡಿ ಅಂತ ಡಾಕ್ಟರರ ಹತ್ತಿರ ಹೋಗುತ್ತೇವೆ.

ಹೆಚ್ಚಿನ ಮಕ್ಕಳಿಗೆ ಬೇಕಾದದ್ದು ಹೊಸ ಆಹಾರವಲ್ಲ, ಎರಡು ಊಟದ ನಡುವೆ ಖಾಲಿ ಹೊಟ್ಟೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವರ್ಷ ದಾಟಿದ ಕೂಸಿಗೆ ಎರಡೂವರೆಯಿಂದ ಮೂರೂವರೆ ತಾಸಿನ ಅಂತರ ಇರಲಿ: ಎಂಟಕ್ಕೆ ನಾಷ್ಟಾ, ಹತ್ತೂವರೆಗೆ ಹಣ್ಣು, ಒಂದಕ್ಕೆ ಊಟ, ನಾಲ್ಕೂವರೆಗೆ ಏನಾದರೂ ಸ್ವಲ್ಪ, ಏಳೂವರೆಗೆ ಊಟ. ನಡುವೆ ನೀರು ಮಾತ್ರ. ಎದೆಹಾಲು ಕುಡಿಯುವ ಕೂಸಾದರೆ ಅದು ನಡೆಯುತ್ತಲೇ ಇರಲಿ, ಎರಡು ವರ್ಷ ಮತ್ತು ಆಮೇಲೂ. ಮೊದಲ ಮೂರು-ನಾಲ್ಕು ದಿನ ರಂಪ ಇದ್ದೇ ಇರುತ್ತದೆ. ಬಹಳ ಮನೆಗಳಲ್ಲಿ ಕೆಡುವುದು ಅಲ್ಲೇ. ಮಧ್ಯಾಹ್ನ ಎರಡು ತುತ್ತು ಉಂಡು ಎದ್ದ ಕೂಸು ಮೂರು ಗಂಟೆಗೆ ಅತ್ತಾಗ ಆಯಿ ಕರಗಿ ಬಿಸ್ಕಿಟ್ ಕೊಡುತ್ತಾಳೆ. ಅತ್ತರೆ ಬಿಸ್ಕಿಟ್ ಸಿಗುತ್ತದೆ ಎಂದು ಕೂಸಿಗೆ ಗೊತ್ತಾಗುತ್ತದೆ, ಮರುದಿನ ಎರಡು ತುತ್ತೂ ಇಲ್ಲ. ಆದ್ದರಿಂದ ಮೊದಲು ಕೂತು ಮಾತಾಡಬೇಕಾದದ್ದು ಮನೆಯ ಹಿರಿಯರೊಡನೆ. ಮುತ್ಯಾ ಮೊಮ್ಮಗನ ತಿರುಗಾಟ ತಪ್ಪಿಸುವುದು ಬೇಡ, ಕಿರಾಣಿ ಅಂಗಡಿಯ ಬದಲು ಬಾಳೆಹಣ್ಣಿನ ಗಾಡಿಯ ಕಡೆ ಹೋಗಲಿ.

ಚಾ ಬಗ್ಗೆ ರಾಜಿ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ. ಚಾದಲ್ಲಿರುವ ಟ್ಯಾನಿನ್, ಕಾಳು-ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳದಂತೆ ಹಿಡಿದಿಡುತ್ತದೆ. ನಮ್ಮ ಊಟದಲ್ಲಿ ಕಬ್ಬಿಣ ಬರುವುದೇ ಹೆಚ್ಚಾಗಿ ಜೋಳ, ಬ್ಯಾಳಿ, ಪಲ್ಯದಿಂದ. ಅದರ ಬೆನ್ನಿಗೇ ಚಾ ಕುಡಿಸಿದರೆ ಉಂಡದ್ದರಲ್ಲಿ ಎಷ್ಟೋ ದಕ್ಕದೆ ಹೋಗುತ್ತದೆ. ದೊಡ್ಡವರೂ ಊಟಕ್ಕೂ ಚಾಕ್ಕೂ ನಡುವೆ ಒಂದು ತಾಸು ಬಿಡುವುದು ಒಳ್ಳೆಯದು, ಬಸುರಿ-ಬಾಣಂತಿಯರಂತೂ ಬಿಡಲೇಬೇಕು. ಹಾಗಂತ ಚಾ ಬಿಡಿಸಿ ದಿನಕ್ಕೆ ಒಂದು ಲೀಟರ್ ಎಮ್ಮೆ ಹಾಲು ಕುಡಿಸಿದರೂ ತೊಂದರೆಯೇ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತದೆ. ಬಾಟಲಿಯಲ್ಲಿ ಹಾಲು ಕುಡಿದೇ ಬೆಳೆದ, ಗುಂಡಗೆ ಕಾಣುವ ಕೂಸಿನ ರಕ್ತ ಪರೀಕ್ಷೆ ಮಾಡಿಸಿದರೆ ರಕ್ತಹೀನತೆ ಹೊರಬರುವುದು ಇದೇ ಕಾರಣಕ್ಕೆ. ವರ್ಷ ತುಂಬಿದ ಮೇಲೆ ದಿನಕ್ಕೆ ಅರ್ಧ ಲೀಟರ್ ಮೀರದಿರಲಿ, ಕೊಡುವುದನ್ನು ಲೋಟದಲ್ಲೇ ಕೊಡಿ.

ಇನ್ನು ರೊಟ್ಟಿ. ‘ಸಣ್ಣ ಕೂಸಿಗೆ ಜೋಳದ ರೊಟ್ಟಿ ಪಚನ ಆಗಂಗಿಲ್ಲ’ ಎಂದು ಎರಡು ವರ್ಷದವರೆಗೂ ಅನ್ನ-ಸಾರಿನಲ್ಲೇ ಇಡುವವರಿದ್ದಾರೆ. ತೊಡಕಿರುವುದು ಜೋಳದಲ್ಲಲ್ಲ, ಕೊಡುವ ರೂಪದಲ್ಲಿ. ಕಡಕ್ ರೊಟ್ಟಿ ಮಕ್ಕಳ ಹಲ್ಲಿಗಲ್ಲ. ಮುಟಗಿ ಮಾಡಿ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಅರ್ಧ, ಒಂದು ಎಸಳು ಬಳ್ಳೊಳ್ಳಿ, ಚಿಟಿಕೆ ಜೀರಿಗೆ, ಒಂದು ಚಮಚ ತುಪ್ಪ. ಒರಳಲ್ಲಿ ಕುಟ್ಟಿ, ದಪ್ಪ ಬ್ಯಾಳಿ ಕಲಸಿ ಬೆರಳಿನಿಂದ ಹಿಸುಕಿ. ಹಸಿಮೆಣಸಿನಕಾಯಿ ಹಾಕುವುದು ಕೂಸಿನ ಪಾಲು ತೆಗೆದಿಟ್ಟ ಮೇಲೆ. ರೊಟ್ಟಿ ಆರಿತೋ ಬಿರುಸಾಗುತ್ತದೆ, ಆಮೇಲೆ ಎಷ್ಟು ಕುಟ್ಟಿದರೂ ತರಿತರಿಯೇ, ಕೂಸು ಉಗುಳುತ್ತದೆ. ತುಪ್ಪ ರುಚಿಗಷ್ಟೇ ಅಲ್ಲ. ಕೂಸಿನ ಹೊಟ್ಟೆ ಚಿಕ್ಕದು, ಜೋಳದಲ್ಲಿ ನಾರು ಹೆಚ್ಚು, ಬೇಗ ಹೊಟ್ಟೆ ತುಂಬುತ್ತದೆ. ಅಷ್ಟೇ ತುತ್ತಿನಲ್ಲಿ ಹೆಚ್ಚು ಶಕ್ತಿ ಸೇರಿಸಲು ತುಪ್ಪವೋ ಎಣ್ಣೆಯೋ ಬೇಕು.

ಬ್ಯಾಳಿ ಕಟ್ಟಿನ ಮೋಹವನ್ನೂ ಬಿಡಬೇಕು. ಆರು ತಿಂಗಳು ತುಂಬಿದ ಕೂಸಿಗೆ ಬ್ಯಾಳಿಯ ಮೇಲಿನ ತಿಳಿ ಬಸಿದು ಕುಡಿಸಿ ‘ಶಕ್ತಿ ಬರ್ತದ’ ಎನ್ನುತ್ತಾರೆ. ಶಕ್ತಿ, ಪ್ರೋಟೀನು ಎರಡೂ ತಳದಲ್ಲಿ ಕೂತಿವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ನಮ್ಮದು, ನೂರು ಗ್ರಾಮಿಗೆ ಇಪ್ಪತ್ತು ಗ್ರಾಮಿನ ಮೇಲೆ ಪ್ರೋಟೀನ್ ಇರುವ ಬೇಳೆ. ಅದನ್ನು ಮನೆಯಲ್ಲಿಟ್ಟುಕೊಂಡು ಕೂಸಿಗೆ ನೀರು ಕುಡಿಸುವುದು ಯಾವ ನ್ಯಾಯ? ಎರಡು ಪಾಲು ಅಕ್ಕಿಗೆ ಒಂದು ಪಾಲು ಬ್ಯಾಳಿ, ಚಿಟಿಕೆ ಅರಿಶಿಣ, ನಾಲ್ಕೈದು ಎಲೆ ಮೆಂತೆ ಅಥವಾ ರಾಜಗಿರಿ ಹಾಕಿ ಮೆತ್ತಗೆ ಬೇಯಿಸಿ, ಚಮಚದ ಹಿಂಬದಿಯಿಂದ ಹಿಸುಕಿ. ಮಿಕ್ಸಿ ಬೇಡ. ಚಮಚ ಓರೆ ಮಾಡಿದರೆ ಹರಿದು ಬೀಳಬಾರದು, ಅಷ್ಟು ಗಟ್ಟಿ ಇರಲಿ. ಉಣಿಸುವಾಗ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ದಕ್ಕುತ್ತದೆ. ಮೊದಲ ವಾರ ಎರಡು-ಮೂರು ಚಮಚ ಸಾಕು. ಎಂಟು ತಿಂಗಳ ಹೊತ್ತಿಗೆ 250 ಮಿಲಿ ಹಿಡಿಯುವ ಬಟ್ಟಲಿನ ಅರ್ಧ, ವರ್ಷದ ಮೇಲೆ ಮುಕ್ಕಾಲಿನಿಂದ ತುಂಬ. ವರ್ಷದೊಳಗೆ ಉಪ್ಪು, ಸಕ್ಕರೆ ಬೇಡ. ಜೇನನ್ನಂತೂ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಗೂಸಿನ ಕರುಳಲ್ಲಿ ಮೊಳೆತು ವಿಷವಾಗುತ್ತದೆ.

ನಮ್ಮ ಹಿಂಡಿಗಳಿಗೆ, ಅಂದರೆ ಚಟ್ನಿಪುಡಿಗಳಿಗೆ, ಸಮನಾದ ಡಬ್ಬಿಯ ಪುಡಿಯನ್ನು ನಾನಂತೂ ನೋಡಿಲ್ಲ. ಎತ್ತರ ಬೆಳೆಸುವುದಾಗಿ ಜಾಹೀರಾತು ಕೊಡುವ ಪುಡಿಗಳ ಹಿಂಬದಿ ಒಮ್ಮೆ ಓದಿ, ಸಕ್ಕರೆ ಎಷ್ಟನೇ ಸಾಲಿನಲ್ಲಿದೆ ನೋಡಿ. ಮಕ್ಕಳಿಗೆ ಶೇಂಗಾ ಹಿಂಡಿಯನ್ನು ಖಾರವಿಲ್ಲದೆ ಬೇರೆಯೇ ಮಾಡಿಡಿ: ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೂರಿ, ಜೀರಿಗೆ, ಬಳ್ಳೊಳ್ಳಿ, ಕೊಂಚ ಉಪ್ಪಿನೊಡನೆ ನುಣ್ಣಗೆ ಕುಟ್ಟಿ. ದಿನಕ್ಕೆ ಎರಡು ಸಣ್ಣ ಚಮಚ, ಮೊಸರನ್ನದಲ್ಲೋ ಮುಟಗಿಯಲ್ಲೋ ಕಲಸಿ. ಮೊದಲ ಸಲ ಕೊಡುವಾಗ ಕಾಲು ಚಮಚ ಕೊಟ್ಟು, ಮೈಮೇಲೆ ದದ್ದು, ತುಟಿ ಬಾವು ಬರುತ್ತದೋ ನೋಡಿ. ಮುರುಟಿದ, ಕಪ್ಪಾದ, ಕಹಿ ಬಡಿಯುವ ಕಾಳನ್ನು ಹುರಿಯುವ ಮೊದಲೇ ಆರಿಸಿ ಚೆಲ್ಲಬೇಕು. ಕಾಳಿಗೆ ಹಿಡಿದ ಬೂಷ್ಟಿನ (ಶಿಲೀಂಧ್ರದ) ವಿಷ ಹುರಿದರೂ ಪೂರಾ ಹೋಗುವುದಿಲ್ಲ. ಅಗಸಿಯನ್ನು ಇಡಿಯಾಗಿ ಕೊಟ್ಟರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಲೇಬೇಕು. ಆದರೆ ಅಗಸಿ ಪುಡಿ ನಮ್ಮ ಬ್ಯಾಸಗಿಯಲ್ಲಿ ಬೇಗ ಕಮಟುತ್ತದೆ, ಒಂದು ವಾರಕ್ಕಾಗುವಷ್ಟೇ ಕುಟ್ಟಿ. ಇಡೀ ಶೇಂಗಾ, ಪುಟಾಣಿ (ಹುರಿಗಡಲೆ) ಮಾತ್ರ ಐದು ವರ್ಷದೊಳಗೆ ಕೈಗೆ ಕೊಡಬೇಡಿ. ನಗುತ್ತಲೋ ಓಡುತ್ತಲೋ ತಿಂದ ಒಂದು ಕಾಳು ಶ್ವಾಸನಾಳಕ್ಕೆ ಇಳಿದರೆ ತೆಗೆಯಲು ಶ್ವಾಸನಾಳಕ್ಕೆ ಕೊಳವೆ ಇಳಿಸುವ ಬ್ರಾಂಕೋಸ್ಕೋಪಿಯೇ ಬೇಕು, ಅದು ಹಳ್ಳಿಯಿಂದ ಎಷ್ಟು ದೂರ ಎಂದು ನಿಮಗೇ ಗೊತ್ತು.

ಪಲ್ಯ ತಿನ್ನಲ್ಲ ಎಂದು ಎರಡನೇ ದಿನಕ್ಕೇ ಕೈಬಿಡಬೇಡಿ. ಹೊಸ ರುಚಿ ಒಗ್ಗಲು ಹತ್ತು-ಹದಿನೈದು ಸಲ ಬೇಕಾಗಬಹುದು. ಒತ್ತಾಯವಿಲ್ಲದೆ ಒಂದು ಚಮಚ ತಾಟಿನಲ್ಲಿಡಿ, ಮುಟ್ಟದಿದ್ದರೆ ಸುಮ್ಮನಿರಿ. ಮೊಬೈಲ್ ತೋರಿಸಿ ತುರುಕಿದ್ದು ಲೆಕ್ಕಕ್ಕಿಲ್ಲ; ಹೊಟ್ಟೆ ತುಂಬಿದ್ದು ಕೂಸಿಗೇ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು ಪರದೆ. ಎರಡು ವರ್ಷದೊಳಗೆ ಇಲ್ಲವೇ ಇಲ್ಲ.

ಏಪ್ರಿಲ್-ಮೇನಲ್ಲಿ ನಲವತ್ತೆರಡು ಡಿಗ್ರಿ ದಾಟಿದಾಗ ಮಕ್ಕಳು ಮಧ್ಯಾಹ್ನ ಕಡಿಮೆ ಉಣ್ಣುವುದು ಸಹಜ. ಆಗ ದೊಡ್ಡ ಊಟವನ್ನು ಮುಂಜಾನೆ ಎಂಟಕ್ಕೂ ರಾತ್ರಿ ಏಳಕ್ಕೂ ಸರಿಸಿ, ನಡುವೆ ಮಜ್ಜಿಗೆ ಅನ್ನ, ಕಲ್ಲಂಗಡಿ, ತೆಳು ಅಂಬಲಿ. ಭೇದಿ ಹತ್ತಿದರೆ ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ಪೂರಾ ಪ್ಯಾಕೆಟ್ ಒಂದೇ ಸಲ. ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಹೊಸ ತೊಂದರೆ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗೆ 50ರಿಂದ 100 ಮಿಲಿ, ಮೇಲ್ಪಟ್ಟವರಿಗೆ 100ರಿಂದ 200, ಚಮಚ ಚಮಚವಾಗಿ. ಕದಡಿದ ನೀರು 24 ತಾಸಾದ ಮೇಲೆ ಚೆಲ್ಲಿ. ಆರು ತಿಂಗಳ ಮೇಲಿನವರಿಗೆ 20 ಮಿಲಿಗ್ರಾಂ ಜಿಂಕ್ ಮಾತ್ರೆ 14 ದಿನ ಪೂರ್ತಿ ಕೊಡಬೇಕು, ಭೇದಿ ಎರಡನೇ ದಿನ ನಿಂತರೂ.

ಆಶಾ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದು ಮಿಲಿ. ಆರು ತಿಂಗಳಿಂದ ಐದು ವರ್ಷದವರೆಗೆ. ಮಲ ಕಪ್ಪಾಯಿತೆಂದು ಹೆದರಿ ಬಾಟಲಿ ಮೂಲೆಗೆ ಎಸೆಯುತ್ತಾರೆ. ಕಪ್ಪಾಗುವುದು ಸಹಜ. ಜಂತುಹುಳುವಿನ ಮಾತ್ರೆಯನ್ನು ಫೆಬ್ರವರಿ, ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲೇ ಕೊಡುತ್ತಾರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಿನಲ್ಲಿ.

ಇಷ್ಟೆಲ್ಲ ಮಾಡಿಯೂ ಎರಡು-ಮೂರು ತಿಂಗಳು ತೂಕ ಏರದಿದ್ದರೆ ಮನೆಯಲ್ಲೇ ಪ್ರಯೋಗ ಮುಂದುವರಿಸಬೇಡಿ. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆಯ ಟೇಪ್ ಇರುತ್ತದೆ, ಅಳೆಯಲು ಹೇಳಿ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದು ಕೆಂಪು ತೋರಿಸಿದರೆ, ಅಥವಾ ಎರಡೂ ಪಾದ ಒತ್ತಿದಾಗ ಕುಳಿ ಬಿದ್ದರೆ, ಅದೇ ದಿನ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಿ, ತಾಯಿ ಕಾರ್ಡ್ ಜೊತೆಗಿರಲಿ.